ನಾಗಲಿಂಗಮ್ಮನ ಕೆವೈಸಿ

ಕೊಟ್ಟೂರಿನ ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಅಂಗಡಿ ಇದೆ. ಝೆರಾಕ್ಸ್, ಲ್ಯಾಮಿನೇಷನ್, ಪಾಸ್‌ಪೋರ್ಟ್ ಸೈಜಿನ ಫೋಟೊ, ರೀಚಾರ್ಜು, ಎಲ್ಲ ಬಗೆಯ ಆನ್‌ಲೈನ್ ಅರ್ಜಿ ಎಂದು ಬೋರ್ಡು ಬರೆಸಿದ್ದೇನೆ. ಕೆಳಗೆ ಸಣ್ಣಕ್ಷರದಲ್ಲಿ 'ತಾಳ್ಮೆ ಮಾತ್ರ ಸಿಗುವುದಿಲ್ಲ' ಎಂದೂ ಸೇರಿಸು ಅಂದೆ, ಪೇಂಟರ್ ಒಪ್ಪಲಿಲ್ಲ. ಊರಿನ ಅರ್ಧ ಜನರ ಪಾಸ್‌ವರ್ಡು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಮರೆತಾಗೆಲ್ಲ ಬಂದು, "ಗಂಗಾಂಬಿಕಾ, ನಂದೇನಿತ್ತವ್ವ?" ಎಂದು ನನ್ನನ್ನೇ ಕೇಳುತ್ತಾರೆ.

ಅಂಗಡಿಯ ಗೋಡೆಗೆ ಆತುಕೊಂಡು ಒಂದು ಮಂಡಕ್ಕಿ–ಮಿರ್ಚಿ ಗಾಡಿ ನಿಲ್ಲುತ್ತದೆ. ಅದು ನಾಗಲಿಂಗಮ್ಮನದು. ನನಗೆ ದೂರದ ಸಂಬಂಧವೂ ಅಲ್ಲ, ಆದರೂ ದೊಡ್ಡಮ್ಮ ಎನ್ನುತ್ತೇನೆ. ನಾನು ಶಾಲೆಗೆ ಹೋಗುತ್ತಿದ್ದಾಗಿನಿಂದ ಅವಳು ಅದೇ ಜಾಗದಲ್ಲಿ ನಿಂತು ಕರಿಯುತ್ತಿದ್ದಾಳೆ. ಅವಳ ಗಂಡ ಗುರುಸಂಗಪ್ಪ ಬೆಳಿಗ್ಗೆ ಮೆಣಸಿನಕಾಯಿ ಸೀಳಿ, ಹಿಟ್ಟು ಕಲಸಿಕೊಟ್ಟು, ಬಿಸಿಬಿಸಿಯಾದ ಮೊದಲ ನಾಲ್ಕು ಮಿರ್ಚಿ ತಿಂದು, ಪೇಪರ್ ಓದುವ ನೆಪದಲ್ಲಿ ಸ್ನೇಹಿತರ ಕಟ್ಟೆಗೆ ಹೊರಟುಬಿಡುತ್ತಾನೆ. ಮನುಷ್ಯ ಬಂಗಾರ, ಆದರೆ ಒಂದು ಕಡೆ ನಿಲ್ಲುವವನಲ್ಲ.

ತೊಂದರೆ ಶುರುವಾದದ್ದು ಗಾಡಿಗೆ ಅಂಟಿಸಿದ್ದ ಸ್ಕ್ಯಾನರ್ ಸ್ಟಿಕ್ಕರಿನಿಂದ. ಖಾತೆ ಗುರುಸಂಗಪ್ಪ ದೊಡ್ಡಪ್ಪನ ಹೆಸರಿನಲ್ಲಿತ್ತು. ಫೋನು ಅವನ ಜೇಬಿನಲ್ಲಿ, ಅವನು ಕಟ್ಟೆಯ ಮೇಲೆ. ಗಿರಾಕಿ ರೊಕ್ಕ ಹಾಕಿದ್ದು ನಿಜವೋ ಸುಳ್ಳೋ ದೊಡ್ಡಮ್ಮನಿಗೆ ತಿಳಿಯುತ್ತಿರಲಿಲ್ಲ. ಅದಾದರೂ ಹೋಗಲಿ. ಸ್ಕ್ಯಾನ್ ಮಾಡಿದವರೆಲ್ಲ ಒಂದು ಮಾತು ಕೇಳಿಯೇ ಕೇಳುತ್ತಿದ್ದರು.

"ಗುರುಸಂಗಪ್ಪ ಅಂತ ಬರಾಕತ್ತೈತಿ, ನಿಮ್ದೇನಮ್ಮ?"

"ಹೂಂನಪ್ಪ, ಅದ."

"ಅದ ಅಂದ್ರ? ಹೆಸರು ಹೇಳ್ರಿ, ಮತ್ತ ಬ್ಯಾರೆದವ್ರಿಗೆ ಹೋದೀತು."

"ಈಗ ನೀನ ಹೇಳಿದ್ಯಲ್ಲ, ಅದ."

ನಮ್ಮ ಕಡೆ ಆ ಕಾಲದ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬಾಯಿಂದ ಆಡುವುದಿಲ್ಲ. ಇವರು, ಯಜಮಾನ್ರು, ಮನಿಯವ್ರು, ಇಲ್ಲವೇ ಮಗಳ ಹೆಸರು ಹಿಡಿದು ಭಾಗ್ಯನ ಅಪ್ಪ, ಇಷ್ಟರಲ್ಲೇ ಸಂಸಾರ ನಡೆದುಹೋಗುತ್ತದೆ. ಹರಪನಹಳ್ಳಿಯ ಒಬ್ಬ ಗಿರಾಕಿಯಂತೂ ಹೆಸರು ಹೇಳದೆ ರೊಕ್ಕ ಹಾಕುವುದೇ ಇಲ್ಲ ಎಂದು ಹಟ ಹಿಡಿದು ನಿಂತ. ಅತ್ತ ಎಣ್ಣೆ ಕಾಯುತ್ತಿದೆ, ಇತ್ತ ಇವನು. ದೊಡ್ಡಮ್ಮ ಗೋಡೆಯತ್ತ ತಿರುಗಿ, "ಗಂಗಾ, ಒಂದೀಟು ಹೆಸರು ಹೇಳವ್ವ!" ಎಂದು ಕೂಗಿದಳು. ನಾನು ಒಳಗಿನಿಂದಲೇ "ಗುರುಸಂಗಪ್ಪ!" ಎಂದು ಒದರಿದೆ. ಅಂದಿನಿಂದ ಅದೂ ನನ್ನ ಕೆಲಸವಾಯಿತು, ಬೋರ್ಡಿನಲ್ಲಿ ಇಲ್ಲದಿದ್ದರೂ.

ಅದೇ ವಾರ ದೊಡ್ಡಮ್ಮ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತಳು. "ನನ್ನ ಹೆಸರಿಂದು ಒಂದು ಸ್ಕ್ಯಾನರ್ ಹಾಕಿಸಿಕೊಡು" ಎಂದಳು.

"ಯಾಕ, ಇದ್ದದ್ದು ಸಾಲದೇನು? ಫೋನ್ ಇಸ್ಕೊಂಡ್ರ ಆತು."

"ಫೋನಿನ ಮಾತಲ್ಲ. ಕರಿಯಾಕಿ ನಾನು, ಬೆವರು ನಂದು. ಬಂದವ್ರೆಲ್ಲ ಮಿರ್ಚಿ ಅಮ್ಮ ಅಂತಾರ. ಇವರು 'ಏ, ಇಲ್ನೋಡು' ಅಂತಾರ. ನಂಗೊಂದು ಹೆಸರೈತಿ ಅನ್ನೋದು ಆಧಾರ್ ಕಾರ್ಡಿಗೆ ಬಿಟ್ರ ಯಾರಿಗೂ ನೆನಪಿಲ್ಲ. ಆ ಸ್ಟಿಕ್ಕರಿನ ಮ್ಯಾಲೆ ನಾಗಲಿಂಗಮ್ಮ ಅಂತ ಬರಬೇಕು ನೋಡು, ದೊಡ್ಡ ಅಕ್ಷರದಾಗ."

ಇಷ್ಟು ವರ್ಷ ಅವಳ ಗಾಡಿಗೆ ಗೋಡೆ ಹಚ್ಚಿ ಕುಳಿತವಳು ನಾನು, ನನಗೂ ಅದು ಹೊಳೆದಿರಲಿಲ್ಲ. ಸಂಜೆಯೊಳಗೆ ಮಾಡಿಕೊಡುತ್ತೇನೆ ಎಂದುಬಿಟ್ಟೆ. ಎಂಥ ಮೂರ್ಖಳು ನಾನು.

ಮೊದಲ ತೊಡಕು ಓಟಿಪಿಯದು. ಆಧಾರಿಗೆ ಕೊಟ್ಟಿದ್ದ ನಂಬರು ಅಳಿಯ ಹಂಪೇಶನದು. ಮಗಳು ಭಾಗ್ಯಳ ಮದುವೆಯ ಹೊಸತರಲ್ಲಿ ಮನೆಯವರ ಪೈಕಿ ಫೋನಿದ್ದವನು ಅವನೊಬ್ಬನೇ. ಹಂಪೇಶ ಹಡಗಲಿಯಲ್ಲಿ ಮಲ್ಲಿಗೆ ತೋಟ ಮಾಡುತ್ತಾನೆ. ಹೂ ಬಿಡಿಸುವ ಹೊತ್ತಿನಲ್ಲಿ ಅವನ ಅಂಗಿ ಗಿಡಕ್ಕೆ ನೇತಾಡುತ್ತಿರುತ್ತದೆ, ಫೋನು ಅಂಗಿಯ ಜೇಬಿನಲ್ಲಿರುತ್ತದೆ. ನಾನು ಇಲ್ಲಿ ಬಟನ್ ಒತ್ತಿದರೆ ಓಟಿಪಿ ಹಡಗಲಿಗೆ ಹೋಗಿ ಮಲ್ಲಿಗೆಯ ನಡುವೆ ಪ್ರಾಣ ಬಿಡುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ಅವನು ಸಮಾಧಾನವಾಗಿ ಫೋನ್ ಮಾಡಿ, "ಅಕ್ಕಾರ, ಬರಕೊಳ್ರಿ" ಎನ್ನುತ್ತಿದ್ದ.

"ಅದು ಸತ್ತುಹೋತಪ್ಪ, ಬ್ಯಾರೆ ಬರಬೇಕು."

"ಹೌದ್ರೀ? ಛೇ, ನಂಬರು ಚಲೋ ಇತ್ತು, ನೆನಪಿಟ್ಕೊಳ್ಳಾಕ ಸಲೀಸಿತ್ತು."

ಕೊನೆಗೆ ಒಂದು ದಿನ ಗಾಡಿ ಮುಚ್ಚಿ ಕೂಡ್ಲಿಗಿಗೆ ಹೋಗಿ, ಸಾಲಿನಲ್ಲಿ ನಿಂತು, ದೊಡ್ಡಮ್ಮನ ಸ್ವಂತ ನಂಬರನ್ನು ಆಧಾರಿಗೆ ಸೇರಿಸಿಕೊಂಡು ಬಂದೆವು. ಬರುವಾಗ ಬಸ್ಸಿನಲ್ಲಿ ಅವಳು ಹೊಸ ಸಿಮ್ಮಿನ ಫೋನನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಕುಳಿತಿದ್ದಳು.

ಎರಡನೆಯದು ಸೆಲ್ಫಿ. ಮುಖ ವೃತ್ತದೊಳಗೆ ಇರಲಿ, ಕಣ್ಣು ಮಿಟುಕಿಸಿ ಎಂದು ಪರದೆ ಹೇಳುತ್ತದೆ. ಫೋಟೊ ತೆಗೆಯುವಾಗ ಕಣ್ಣು ಮುಚ್ಚಬಾರದು ಎಂದು ಸ್ಟುಡಿಯೊದವರಿಂದ ಬೈಸಿಕೊಂಡೇ ದೊಡ್ಡವಳಾದವಳು ದೊಡ್ಡಮ್ಮ. ಕಣ್ಣು ಕಿಸಿದು ಗೊಂಬೆಯ ಹಾಗೆ ಕುಳಿತಳು. ಮೆಣಸಿನಕಾಯಿಯ ಘಾಟಿಗೇ ಜಗ್ಗದ ಕಣ್ಣು, ಇನ್ನು ನನ್ನ ಬೇಡಿಕೆಗೆ ಜಗ್ಗುತ್ತದೆಯೇ? "ಮಿಟುಕಸು, ಮಿಟುಕಸು" ಎಂದು ಬೇಡಿ ಸಾಕಾಗಿ, ಕಡೆಗೆ ರೇಗಿ ಅವಳ ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದೆ. ಬೆಚ್ಚಿ ಮಿಟುಕಿಸಿದಳು. ಪರದೆಯ ಮೇಲೆ ಹಸಿರು ಗುರುತು ಬಂತು. ಇನ್ನೇನು ಮುಗಿಯಿತು ಎಂದುಕೊಂಡರೆ, ಇದು ವ್ಯಾಪಾರದ ಖಾತೆ, ಕಂಪನಿಯವರು ಕೆವೈಸಿ ಎಂದು ವಿಡಿಯೊ ಕರೆ ಮಾಡಿ ಗುರುತು ಖಚಿತಪಡಿಸಿಕೊಳ್ಳುತ್ತಾರೆ ಎಂಬ ಸಂದೇಶ ಬಂತು. ಮೂರು ಅವಕಾಶ. ಮೂರರಲ್ಲೂ ತಪ್ಪಿದರೆ ಅರ್ಜಿ ರದ್ದು, ಮತ್ತೆ ಆರು ತಿಂಗಳು ಕೇಳುವಂತಿಲ್ಲ.

ಮೊದಲ ಕರೆಯ ದಿನ ದೊಡ್ಡಪ್ಪನೂ ಪಕ್ಕದಲ್ಲಿ ಕುಳಿತ, ಮಗಳ ನಿಶ್ಚಿತಾರ್ಥಕ್ಕೆ ಕುಳಿತ ಹಾಗೆ, ತಲೆಗೆ ಎಣ್ಣೆ ಹಚ್ಚಿಕೊಂಡು. ಪರದೆಯಲ್ಲಿ ಒಬ್ಬ ಹುಡುಗಿ ಕಾಣಿಸಿಕೊಂಡಳು. ನಮ್ಮ ಕಡೆಯವಳಲ್ಲ, ಮಾತು ಪುಸ್ತಕದ ಹಾಗಿತ್ತು. ನಿಮ್ಮ ಹೆಸರು ಎಂದು ಕೇಳಿದಳು. "ನಾಗಲಿಂಗಮ್ಮ" ಎಂದು ದೊಡ್ಡಮ್ಮ ಇಡೀ ಬಸ್ ನಿಲ್ದಾಣಕ್ಕೆ ಕೇಳಿಸುವಂತೆ ಹೇಳಿದಳು. ಹುಟ್ಟಿದ ದಿನ? "ಕಾರ್ಡಿನ್ಯಾಗಿಂದು ಹೇಳ್ಲೇನವ್ವ, ನಮ್ಮವ್ವ ಹೇಳಿದ್ದು ಹೇಳ್ಲೇನು?" ಹುಡುಗಿ ನಕ್ಕು, ಕಾರ್ಡಿನದೇ ಸಾಕು ಎಂದಳು. ಆಮೇಲೆ, "ಗಂಡನ ಹೆಸರು ಹೇಳಿ ಅಮ್ಮ" ಎಂದಳು.

ದೊಡ್ಡಮ್ಮ ಸೆರಗು ಸರಿಮಾಡಿಕೊಂಡಳು. ಪಕ್ಕಕ್ಕೆ ನೋಡಿದಳು. ಪಕ್ಕದಲ್ಲಿದ್ದವನಿಗೆ ತಡೆಯಲಾಗಲಿಲ್ಲ. ಪರದೆಯೊಳಗೆ ತಲೆ ತೂರಿಸಿ, "ಗುರುಸಂಗಪ್ಪ ಅಂತ ಬರಕೊ ತಾಯಿ. ನಾನ ಅದೀನಿ ಇಲ್ಲೆ, ಬೇಕಾದ್ರ ನೋಡು" ಎಂದ.

ಕರೆ ಕಟ್ಟಾಯಿತು. 'ಬೇರೆ ವ್ಯಕ್ತಿಯ ನೆರವು ಪಡೆದ ಕಾರಣ ತಿರಸ್ಕರಿಸಲಾಗಿದೆ.'

ಮೈ ಉರಿದುಹೋಯಿತು ನನಗೆ. ಗಂಡನೇ ಎದುರಿಗೆ ಬಂದು ನಾನೇ ಗಂಡ ಎಂದರೆ ನಂಬುವುದಿಲ್ಲವಂತೆ, ಹೆಂಡತಿ ಹೆಸರು ಹೇಳಿದರೆ ಮಾತ್ರ ನಂಬುತ್ತಾರಂತೆ! ಕಸ್ಟಮರ್ ಕೇರಿಗೆ ಫೋನ್ ಹಚ್ಚಿ ಬಾಯಿಗೆ ಬಂದದ್ದು ಹೇಳಿದೆ. ಅತ್ತಲಿಂದ, ನಿಮ್ಮ ತೊಂದರೆಗೆ ವಿಷಾದಿಸುತ್ತೇವೆ, ಇದು ನಿಯಮ ಎಂದು ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದರು. ಬೈದದ್ದಕ್ಕೂ ಬೆಲೆ ಇಲ್ಲ.

"ದೊಡ್ಡಮ್ಮ, ಒಂದ್ ಸಲ ಹೇಳಿಬಿಡು. ಏನಾಕ್ಕೈತಿ?"

"ಆಯುಷ್ಯ ಕಡಿಮಿ ಆಕ್ಕೈತಿ."

"ನಿನ್ನ ಮಗಳು ಹಂಪೇಶನ್ನ ದಿನಾ ಹೆಸರು ಹಿಡದ ಕರೀತಾಳ. ಗುಂಡುಕಲ್ಲಿನಂಗ ಅದಾನ."

"ಅವನು ವಯಸ್ಸಿನ ಹುಡುಗ. ಇವ್ರಿಗೆ ಮೊದ್ಲ ಬಿಪಿ ಐತಿ. ಯಾಕ ಬೇಕವ್ವ."

ದೊಡ್ಡಪ್ಪ ಮಾತ್ರ ಬೇರೆಯೇ ಗುಂಗಿನಲ್ಲಿದ್ದ. "ನಂದೇನು ಅಭ್ಯಂತರ ಇಲ್ಲ. ಹೋದ್ರ ಒಂದೆರಡು ದಿನ ಹೋಗ್ಲಿ ಬಿಡು. ನನ್ನ ಹೆಸರು ಇಕಿ ಬಾಯಾಗ ಹೆಂಗ ಕೇಳಸ್ತೈತಿ ಅಂತ ನೋಡೇಬಿಡೂಣು" ಎಂದ. ಆಮೇಲೆ ಅವರ ಮದುವೆಯ ಕತೆ ಹೊರಬಂತು. ಸಾಮಾನ್ಯವಾಗಿ ಗಂಡನ ಮನೆ ಹೊಕ್ಕುವಾಗ ಹೆಣ್ಣಿಗೆ ಬಾಗಿಲು ಅಡ್ಡಗಟ್ಟಿ, ಒಡಪು ಎಂದು ಪ್ರಾಸದ ಪದ ಕಟ್ಟಿ ಗಂಡನ ಹೆಸರು ಹೇಳಿಸುತ್ತಾರೆ. ಅದೊಂದು ಹೊತ್ತು, ಅದೊಂದು ಒಡಪಿನೊಳಗೆ ಹೆಸರು ಬಂದರೆ ದೋಷವಿಲ್ಲ. ಈಕೆ ನಾಚಿ ಅಳುವುದಕ್ಕೇ ಶುರುಮಾಡಿದಳಂತೆ. ಅತ್ತೆ ಮರುಳಸಿದ್ದಮ್ಮ ಪಾಪ ಎಂದು ಹಾಗೆಯೇ ಒಳಗೆ ಕರೆದುಕೊಂಡಳಂತೆ.

"ನಿಮ್ಮ ಸರದಿ ಬಂದಾಗ ನೀವು ಇಕಿ ಹೆಸರು ಹೇಳಿದ್ರೇನು?" ಎಂದು ದೊಡ್ಡಪ್ಪನನ್ನು ಕೇಳಿದೆ.

"ಇವ್ರೇನು ಹೇಳ್ತಾರ!" ಎಂದಳು ದೊಡ್ಡಮ್ಮ. "ನೀರು ಕುಡಿದು ಬರ್ತೀನಿ ಅಂತ ಹೋದವ್ರು ಊಟದ ಹೊತ್ತಿಗೆ ಬಂದ್ರು."

ದೊಡ್ಡಪ್ಪ ಕೆಮ್ಮಿ ಕಟ್ಟೆಯ ಕಡೆಗೆ ಹೊರಟ.

ಎರಡನೆಯ ಕರೆಗೆ ಒಬ್ಬ ಹುಡುಗ ಬಂದ. ಈ ಸಲ ದೊಡ್ಡಮ್ಮ ತಯಾರಾಗಿದ್ದಳು. ಗಂಡನ ಹೆಸರು ಕೇಳಿದ ಕೂಡಲೇ ಆಧಾರ್ ಕಾರ್ಡನ್ನು ಎತ್ತಿಹಿಡಿದು, ಹೆಸರಿನ ಮೇಲೆ ಬೆರಳಿಟ್ಟು, "ಇಲ್ಲೆ ಐತಿ ನೋಡಪ್ಪ" ಎಂದಳು.

"ಬಾಯಲ್ಲಿ ಹೇಳಬೇಕು ಅಮ್ಮ."

"ಬಾಯಾಗ ಹೇಳಂಗಿಲ್ಲಪ್ಪ ನಾವು."

"ಅಂದರೆ, ಗೊತ್ತಿಲ್ಲವಾ?"

ದೊಡ್ಡಮ್ಮ ಕಾರ್ಡು ಕೆಳಗಿಳಿಸುವಷ್ಟರಲ್ಲಿ ಅವನು ಏನೋ ಟೈಪ್ ಮಾಡಿ ಹೋಗಿಬಿಟ್ಟ. ಸಂದೇಶ ಬಂತು. ನಾನಾದರೂ ಸುಮ್ಮನಿರಬೇಕಿತ್ತು, ಸಿಟ್ಟಿನಲ್ಲಿ ಗಟ್ಟಿಯಾಗಿ ಓದಿಬಿಟ್ಟೆ. 'ಗ್ರಾಹಕರಿಗೆ ಪತಿಯ ಹೆಸರು ತಿಳಿದಿಲ್ಲ.'

"ಏನಂತ?" ದೊಡ್ಡಮ್ಮ ಎದ್ದು ನಿಂತಳು. "ನನ್ನ ಗಂಡನ ಹೆಸರು ನನಗ ಗೊತ್ತಿಲ್ಲ? ದಿನಾ ದೇವರ ಮುಂದ ದೀಪ ಹಚ್ಚುವಾಗ ಮನಸಿನ್ಯಾಗ ಯಾರ ಹೆಸರು ಹೇಳ್ತೀನಿ ಅಂತ ಇವಗೇನು ಗೊತ್ತು?"

ಅವಳ ಕಣ್ಣಿನಲ್ಲಿ ನೀರು ಬಂದಿತ್ತು. ಮಿಟುಕಿಸಲೂ ಒಲ್ಲದ ಕಣ್ಣು ಅದು. ನನಗೆ ಅವತ್ತು ಕಂಪನಿಯ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಬೇಡ ಬಿಡು ದೊಡ್ಡಮ್ಮ, ಹಳೆಯ ಸ್ಟಿಕ್ಕರೇ ಇರಲಿ, ನಾನು ಕೂಗುತ್ತಾ ಇರುತ್ತೇನೆ ಎಂದೆ. ಅವಳು ಗಾಡಿಗೆ ಹೋದಳು. ಅವತ್ತು ಸಂಜೆಯೆಲ್ಲ ಕರಿಯುತ್ತ ಕರಿಯುತ್ತ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದಳು. ಒಂದು ಬಾಂಡ್ಲಿ ಮಿರ್ಚಿ ಕಪ್ಪಾಯಿತು. ಅವಳ ಕೈಯಲ್ಲಿ ಮಿರ್ಚಿ ಸೀದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಇಳಕಲ್ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದಳು. "ಫೋನ್ ಹಚ್ಚು. ಇವ್ರನ್ನ ದೂರ ಕಳಸು" ಎಂದಳು.

"ನಾ ಎಲ್ಲಿಗೂ ಹೋಗಂಗಿಲ್ಲ" ಎಂದ ದೊಡ್ಡಪ್ಪ. "ಬಾಗಿಲ ಹಿಂದ ನಿಂದರ್ತೀನಿ. ಉಸಿರ ಬಿಡಂಗಿಲ್ಲ."

"ಕೊನೀ ಅವಕಾಶ ದೊಡ್ಡಪ್ಪ. ನಿಮ್ಮ ಬಾಯಿ ಮ್ಯಾಲೆ ನಂಗ ನಂಬಿಕಿ ಇಲ್ಲ. ಮಂಡಕ್ಕಿ ಭಟ್ಟಿಗೆ ಹೋಗಿ ಒಂದು ಚೀಲ ತೊಗೊಂಡ ಬರ್ರಿ" ಎಂದು ಗದರಿ ಅಟ್ಟಿದೆ. ಹೋಗುತ್ತ ಹೋಗುತ್ತ ತಿರುತಿರುಗಿ ನೋಡಿದ. ಪಾಪ ಎನ್ನಿಸಿತು, ಆದರೂ ಶಟರ್ ಅರ್ಧಕ್ಕೆ ಎಳೆದೆ.

ಫೋನನ್ನು ಲ್ಯಾಮಿನೇಷನ್ ಯಂತ್ರಕ್ಕೆ ಆನಿಸಿಟ್ಟು ನಾನು ಹೊರಗೆ, ಶಟರಿನ ಪಕ್ಕದಲ್ಲಿ ನಿಂತೆ. ಅದೃಷ್ಟಕ್ಕೆ ಮೊದಲ ದಿನದ ಹುಡುಗಿಯೇ ಬಂದಳು. ಹೆಸರು ಆಯಿತು, ಹುಟ್ಟಿದ ದಿನ ಆಯಿತು. ಗಂಡನ ಹೆಸರು ಎಂದಳು. ನಾನು ಕೊಟ್ಟೂರೇಶ್ವರನಿಗೆ ಕಾಯಿ ಹರಕೆ ಹೊತ್ತೆ. ಆಮೇಲೆ ದೊಡ್ಡಮ್ಮನ ದನಿ ಬಂತು, ನಡುಗುತ್ತಿದ್ದರೂ ರಾಗವಾಗಿ:

"ಕಾದ ಎಣ್ಣ್ಯಾಗ ತೇಲತೈತಿ ಹಿಟ್ಟಿನ್ಯಾಗಿನ ಮೆಣಸಿನಕಾಯಿ,
ತಣ್ಣಗಾಗೋ ತನಕ ತಡೆಯಂಗಿಲ್ಲ ನಮ್ಮ ಮನಿಯವ್ರ ಬಾಯಿ,
ಖಾರ ಹತ್ತಿ ಕಣ್ಣೀರು ಬಂದ್ರೂ ಸಾಕು ಅನ್ನಂಗಿಲ್ಲಪ್ಪ,
ನನ್ನ ಕೈಯಡಿಗಿ ಉಣ್ಣೋ ಯಜಮಾನ್ರ ಹೆಸರು ಗುರುಸಂಗಪ್ಪ."

ಪರದೆಯ ಆಚೆ ಏನೋ ಟೈಪ್ ಮಾಡುವ ಸದ್ದು. ಕೆಟ್ಟಿತು ಎಂದುಕೊಂಡೆ. ಇದನ್ನೂ ಯಾವುದೋ ನಿಯಮದಡಿ ತಳ್ಳಿಹಾಕುತ್ತಾಳೆ ಎಂದು ಶಟರ್ ಎತ್ತಿ ಒಳಗೆ ನುಗ್ಗಿ ಜಗಳ ತೆಗೆಯುವವಳಿದ್ದೆ. ಅಷ್ಟರಲ್ಲಿ ಹುಡುಗಿ ಮೆಲ್ಲಗೆ, "ಸರಿಯಾಗಿದೆ ಅಮ್ಮ. ದಾಖಲಾಗಿದೆ" ಎಂದಳು. "ಇನ್ನೊಂದು ಸಲ ಹೇಳ್ತೀರಾ? ಕೆಲಸಕ್ಕಲ್ಲ, ಕೇಳೋಣ ಅನಿಸಿತು."

"ಒಂದ ಸಲ ಹೇಳೂದ ಹೆಚ್ಚಾತು ತಾಯಿ. ಇವ್ರ ಬಿಪಿ ನೋಡಬೇಕಲ್ಲ" ಎಂದಳು ದೊಡ್ಡಮ್ಮ.

ದೊಡ್ಡಪ್ಪ ಮಂಡಕ್ಕಿ ಚೀಲ ಹೊತ್ತುಕೊಂಡು ಓಡೋಡಿ ಬಂದಾಗ ಎಲ್ಲ ಮುಗಿದಿತ್ತು. ಚೀಲ ಇಳಿಸುವ ಮೊದಲೇ, "ಹೇಳಿದ್ಲಾ?" ಎಂದ.

"ಹೇಳಿದ್ಲು. ಒಡಪು ಕಟ್ಟಿ ಹೇಳಿದ್ಲು."

"ಹೆಂಗಂದ್ಲು?"

ನಾನು ಹೇಳಿಬಿಡಬಹುದಿತ್ತು. ಬಾಯಿಗೂ ಬಂದಿತ್ತು. ಆದರೆ ಅದು ನನ್ನ ಬಾಯಿಂದ ಬರುವ ಮಾತಲ್ಲ ಎನ್ನಿಸಿ ಚೀಲ ಇಳಿಸಿಕೊಂಡೆ. ಅವನು ಎರಡು ದಿನ ಕಟ್ಟೆಗೂ ಹೋಗದೆ ನನ್ನ ಅಂಗಡಿಯಲ್ಲೇ ಕುಳಿತ. "ಆ ವಿಡಿಯೊ ಕಂಪನಿಯವ್ರು ಇಟ್ಕೊಂಡಿರ್ತಾರಲ್ಲ, ಅದರದ್ದೊಂದು ಕಾಪಿ ತರಿಸಿಕೊಡು, ಎಷ್ಟಾಕ್ಕೈತಿ ಅಷ್ಟು ಕೊಡ್ತೀನಿ" ಎಂದು ಬೆನ್ನುಹತ್ತಿದ. ಅವನ ಕಾಟ ತಾಳಲಾರದೆ ಕಂಪನಿಗೆ ಬರೆದೂ ಬರೆದೆ. ಖಾತೆದಾರರು ಖುದ್ದಾಗಿ ಕೋರಿದರೆ ಮಾತ್ರ ಪರಿಶೀಲಿಸಲಾಗುವುದು ಎಂದು ಉತ್ತರ ಬಂತು.

"ಅಂದ್ರ, ಇಕೀನ ಕೇಳಬೇಕಾ?"

"ಹೂಂ. ಇಕೀನ ಕೇಳಬೇಕು" ಎಂದೆ. ಹಾಗೆ ಕೇಳು ಎಂದು ಅವಳಿಗೆ ಹೇಳುವಷ್ಟು ಧೈರ್ಯ ಅವನಿಗೆ ಎಲ್ಲಿಂದ ಬರಬೇಕು?

ಸ್ಟಿಕ್ಕರು ಬಂತು, ಜೊತೆಗೆ ರೊಕ್ಕ ಬಂದರೆ ಕೂಗಿ ಹೇಳುವ ಡಬ್ಬಿಯೂ ಬಂತು. ದೊಡ್ಡಮ್ಮ ಗಾಡಿಯ ಗಾಜನ್ನು ಸೋಪು ಹಚ್ಚಿ ತೊಳೆದು ಅಂಟಿಸಿದಳು. ನಾಗಲಿಂಗಮ್ಮ ಎಂದು ದೊಡ್ಡ ಅಕ್ಷರದಲ್ಲಿತ್ತು. ಅವಳು ಅದಕ್ಕೊಂದು ಕುಂಕುಮದ ಬೊಟ್ಟು ಇಟ್ಟಳು, ಸ್ಕ್ಯಾನ್ ಆಗುವುದಿಲ್ಲ ಎಂದು ನಾನು ಒರೆಸಿದೆ. ಮೊದಲ ಗಿರಾಕಿ, "ನಾಗಲಿಂಗಮ್ಮ ಅಂತ ಬರ್ತೈತಿ, ಕರೆಕ್ಟ್ ಐತೇನ್ರಿ?" ಎಂದ. "ಕರೆಕ್ಟ್ ಐತಪ್ಪ. ನಾನ ನಾಗಲಿಂಗಮ್ಮ" ಎಂದಳು. ಎರಡನೆಯವನಿಗೂ ಹಾಗೇ ಹೇಳಿದಳು. ಕೇಳದಿದ್ದವರಿಗೂ ಹೇಳಿದಳು. ಗೋಡೆಯ ಈಚೆ ಕುಳಿತು ಕೇಳುತ್ತಿದ್ದ ನನಗೆ ಅವತ್ತು ಪರಮ ಸಂತೋಷವಾಗಿತ್ತು. ಕೂಗುವ ಕೆಲಸ ಹೋಯಿತಲ್ಲ ಎಂದು ಒಂದಿಷ್ಟು ಬೇಜಾರೂ ಆಯಿತು.

ಸಂಜೆ ಗದ್ದಲದ ಹೊತ್ತಿಗೆ ನೋಡುತ್ತೇನೆ, ಗಿರಾಕಿಗಳ ನಡುವೆ ದೊಡ್ಡಪ್ಪ ಫೋನು ಹಿಡಿದು ನಿಂತಿದ್ದಾನೆ. "ಒಂದು ಪ್ಲೇಟು ಮಿರ್ಚಿ" ಎಂದು ಅಪರಿಚಿತನ ಹಾಗೆ ಹೇಳಿ ಸ್ಕ್ಯಾನ್ ಮಾಡಿದ. ಡಬ್ಬಿ ರೊಕ್ಕ ಬಂತೆಂದು ಕೂಗಿತು.

"ಬಂತು" ಎಂದಳು ದೊಡ್ಡಮ್ಮ, ತಲೆ ಎತ್ತದೆ.

"ಯಾರ ಹೆಸರಿಂದ ಬಂತು? ಫೋನ್ ನೋಡಿ ಓದಿ ಹೇಳಬೇಕು. ಗಿರಾಕಿಗೆ ಖಾತ್ರಿ ಬೇಡೇನು?"

ಸುತ್ತ ನಿಂತವರು ಕಿಸಕ್ಕೆಂದರು. ನಾನು ಅಂಗಡಿ ಬಿಟ್ಟು ಹೊರಗೆ ಬಂದೆ. ದೊಡ್ಡಮ್ಮ ಜಾಲರಿ ಸೌಟನ್ನು ಬಾಂಡ್ಲಿಯ ಅಂಚಿಗೆ ಒರಗಿಸಿ, ಸೊಂಟದ ಮೇಲೆ ಕೈಯಿಟ್ಟಳು.

"ನಮ್ಮಲ್ಲೂ ಕೆವೈಸಿ ಐತಿ. ಮೊದ್ಲು ಹೆಂಡ್ತಿ ಹೆಸರು ಹೇಳ್ರಿ."

"ಅಷ್ಟ ಏನು?" ಎಂದ ದೊಡ್ಡಪ್ಪ. ಬಾಯಿ ತೆರೆದ. ಬಾಯಿ ಹಾಗೆಯೇ ಇತ್ತು, ಮಾತು ಬರಲಿಲ್ಲ. ಅವನ ಮುಖದ ಮೇಲಿನ ನಗು ಮೆಲ್ಲಗೆ ಹೋಯಿತು. ಏ, ಇಲ್ನೋಡು, ಭಾಗ್ಯನವ್ವ. ಇಷ್ಟು ವರ್ಷ ಇಷ್ಟರಲ್ಲೇ ತನ್ನ ಸಂಸಾರವೂ ನಡೆದಿತ್ತು ಎಂದು ಆ ಗಳಿಗೆಯಲ್ಲಿ ಅವನಿಗೆ ತಿಳಿಯಿತೇನೋ. ನನ್ನ ಕಡೆ ನೋಡಿದ.

"ಬ್ಯಾರೆದವ್ರು ಹೇಳಿಕೊಡಂಗಿಲ್ಲ ದೊಡ್ಡಪ್ಪ. ನಿಯಮ" ಎಂದೆ.

ಗಾಜಿನ ಮೇಲಿನ ಸ್ಟಿಕ್ಕರಿನ ಕಡೆ ಕಣ್ಣು ಹೊರಳಿಸಿದ. ದೊಡ್ಡಮ್ಮ ಪಟಕ್ಕನೆ ಅದರ ಮೇಲೆ ಅಂಗೈ ಮುಚ್ಚಿದಳು. "ನೋಡಿ ಓದಂಗಿಲ್ಲ. ಬಾಯಾಗ ಹೇಳಬೇಕು."

ದೊಡ್ಡಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ನಾಗಲಿಂಗಮ್ಮ" ಎಂದ, ತೀರ ಸಣ್ಣಗೆ.

"ಕೇಳಿಸಲಿಲ್ಲ."

"ನಾಗಲಿಂಗಮ್ಮ!"

ಈ ಸಲ ಬಸ್ಸಿನಲ್ಲಿ ಕುಳಿತವರೂ ತಿರುಗಿ ನೋಡಿದರು. ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು, ಹೊಗೆ ಎಂದಳು, ಹೊಗೆ ಇರಲಿಲ್ಲ. ಬಾಂಡ್ಲಿಯಿಂದ ಆಗಷ್ಟೇ ತೆಗೆದ ನಾಲ್ಕು ಮಿರ್ಚಿಯನ್ನು ಪ್ಲೇಟಿಗೆ ಹಾಕಿ, ಗಾಡಿಯ ಮೇಲಿನಿಂದ ಬಗ್ಗಿ ಅವನ ಕಿವಿಯ ಹತ್ತಿರ ಏನೋ ಹೇಳಿದಳು. ನಾಲ್ಕು ಸಾಲಿನಷ್ಟು ಉದ್ದವಿತ್ತು. ನನಗೆ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ.

ದೊಡ್ಡಪ್ಪ ಪ್ಲೇಟು ಹಿಡಿದುಕೊಂಡು ಗಾಡಿಯ ಪಕ್ಕದಲ್ಲಿ ನಿಂತ. ಅವತ್ತು ಕಟ್ಟೆಗೆ ಹೋಗಲಿಲ್ಲ. ಮಿರ್ಚಿ ತಣ್ಣಗಾಗುವವರೆಗೂ ಹಾಗೆಯೇ ನಿಂತಿದ್ದ, ತಿನ್ನುವುದನ್ನು ಮರೆತು.